ಸುಮ್ಮನಿದ್ದ ಹಲಗೆ

ಮಂಗಲಪೇಟೆಯ ನಮ್ಮ ಮನೆಯಲ್ಲಿ, ಕ್ಯಾಲೆಂಡರಿನ ಪಕ್ಕ,
ಮೊಳೆಗೆ ತೂಗಿದೆ ಒಂದು ಹಲಗೆ.
ಮಳೆಗಾಲದಲ್ಲಿ ಸಡಿಲಾಗಿ ಹೊಟ್ಟೆ ಬಿಡುತ್ತದೆ,
ಬೇಸಗೆಯಲ್ಲಿ ತಾನೇ ಬಿಗಿದುಕೊಂಡು
ಹಲ್ಲಿ ಹಾದರೂ ಸಣ್ಣಗೆ ಗುಂಯ್ ಅನ್ನುತ್ತದೆ.

ನನ್ನ ಮುತ್ತಜ್ಜ ಘಾಳೆಪ್ಪನದು.
ಮಾಂಜ್ರಾ ದಂಡೆಯ ಹಳ್ಳಿ, ಕೆಂಪು ಜಂಬಿಟ್ಟಿಗೆಯ ಅಗಸಿ.
ಅಗಸಿಯಾಚೆ ಮೋಟಾರಿನ ಧೂಳು ಕಂಡರೆ
ಘಾಳೆಪ್ಪ ಬಾರಿಸಬೇಕು,
ಬಾರಿಸಿದ ಕೂಡಲೆ ಊರು ನೆಲಕ್ಕೆ ಹಣೆ ಹಚ್ಚಬೇಕು,
ಹಲಗೆ ನಿಲ್ಲುವವರೆಗೂ ಏಳಕೂಡದು.
ಜಾಗೀರದಾರರ ಕಾನೂನು. ಬರೆದದ್ದು ಎಲ್ಲೂ ಇಲ್ಲ,
ನಾಕುನೂರು ಮಂದಿಯ ಮೊಣಕಾಲಿನಲ್ಲಿತ್ತು.

ಆ ವರ್ಷ ಹಣೆಗೆ ನೀರು ಬಿದ್ದು
ಅವನ ಹೆಸರು ಪ್ರಭುದಾಸ ಆಯಿತು.
ಹಾಗೆ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.
ಜಾಗೀರದಾರ ನಕ್ಕ:
"ಪ್ರಭು ನಾ, ದಾಸ ನೀ. ಹೆಸರು ಚಲೋನೇ ಇಟ್ಟಾರ.
ಬಾರಿಸು."

ಮೂರು ರಾತ್ರಿ ಅವನು ಮಲಗಲಿಲ್ಲವಂತೆ, ಅಜ್ಜಿ ಹೇಳುತ್ತಿದ್ದಳು.
"ನಂದೊಂದ ತಲಿ ಇದ್ರ ಬಗ್ಗಿಸ್ತಿದ್ದೆ,
ಬಾಗಿದ ತಲಿ ಒಳಗ ಏನೈತಂತ ಅವ ನೋಡ್ತಾನ.
ಆದ್ರ ನನ್ನ ಕೈ ಎದ್ದರ
ನಾಕುನೂರು ತಲಿ ಬೀಳತಾವ.
ಅದರ ಲೆಕ್ಕ ಯಾರಿಗಿ ಕೊಡ್ಲಿ?"

ಧೂಳು ಬಂತು. ಮೋಟಾರು ಬಂತು.
ಘಾಳೆಪ್ಪ ಹಲಗೆಯನ್ನು ಕೂಸಿನಂತೆ ಕಂಕುಳಲ್ಲಿಟ್ಟುಕೊಂಡು
ಸುಮ್ಮನೆ ನಿಂತ.
ಆಮೇಲೆ ಆದದ್ದು ಅವನೂ ಎಣಿಸದ್ದು:
ಸದ್ದು ಬರದೆ ಊರಿಗೆ
ಯಾವಾಗ ಬೀಳಬೇಕೋ ತಿಳಿಯಲಿಲ್ಲ.
ಗೌಡ ಕುಲಕರ್ಣಿಯ ಮುಖ ನೋಡಿದ, ಕುಲಕರ್ಣಿ ಅಗಸಿಯನ್ನು.
ಅರ್ಧ ಬಗ್ಗಿದ ಬಡಿಗ ಅರ್ಧದಲ್ಲೇ ನಿಂತ,
ಅವಸರಕ್ಕೆ ಬಿದ್ದಿದ್ದ ಒಬ್ಬ ಮುದುಕಿ
ಎದ್ದು ಸೀರೆ ಕೊಡವಿಕೊಂಡಳು.
ಧೈರ್ಯದಿಂದಲ್ಲ, ಗೊತ್ತಾಗದೆ,
ಒಂದು ಇಡೀ ಊರು ನೆಟ್ಟಗೆ ನಿಂತಿತ್ತು.
ಎಷ್ಟು ಹೊತ್ತು? ಎಲೆಯಡಿಕೆ ಉಗುಳುವಷ್ಟು ಹೊತ್ತು.

ಬಲಗೈ ಮುರಿದರು,
ಚಾವಡಿಯ ಶಹಾಬಾದಿ ಕಲ್ಲಿನ ಮೇಲಿಟ್ಟು.
ಬಾವಿ ಮುಚ್ಚೋಣವೆಂದರೆ
ಅದು ಕೇರಿಯವರಿಗೆ ಎಂದೋ ಮುಚ್ಚಿತ್ತು,
ಕಸಿಯಲು ಬೇರೆ ಏನೂ ಸಿಗಲಿಲ್ಲ ಅವರಿಗೆ.

ಬೀದರಿನಿಂದ ಟಾಂಗಾದಲ್ಲಿ ಪಾದ್ರಿ ಬಂದರು,
ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರು.
"ದೇವರು ಮೆಚ್ಚಿದ. ಇನ್ನು ಆ ಹಲಗೆ ಸುಟ್ಟುಬಿಡು,
ದೆವ್ವಗಳ ಮುಂದೆ ನುಡಿದದ್ದು ಅದು."
ಘಾಳೆಪ್ಪ ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ:
"ಅವರು ಬಾರಿಸು ಅಂದ್ರು. ನೀವು ಸುಡು ಅಂತೀರಿ.
ಈ ಚರ್ಮ ಹದ ಮಾಡಿದಾವ ನಮ್ಮಪ್ಪ, ಸಾಹೇಬ್ರ.
ಎಮ್ಮಿಗರ ಮಾಡಿದಾವ ಯಾರು?"
ಪಾದ್ರಿ ಬೆಲ್ಲದ ಚಹಾ ಕುಡಿದು ಎದ್ದರು.
ಹೋಗುವಾಗ ಹಲಗೆಯನ್ನೊಮ್ಮೆ ನೋಡಿದರಂತೆ.

ಮೊನ್ನೆ ಒಬ್ಬ ಹುಡುಗ ಬಂದಿದ್ದ, ಬಿಳಿ ಅಂಗಿ, ಎರಡು ಫೋನು.
ಮಂತ್ರಿಗಳು ಬರುತ್ತಾರೆ,
ಸ್ವಾಗತಕ್ಕೆ ಹಳೇ ಕಾಲದ್ದು ಏನಾದರೂ ಬೇಕಂತೆ.
"ಬಾಡಿಗಿ ಎಷ್ಟಕ್ಕ?"
ಸಡಿಲಾಗಿದೆ, ನುಡಿಯುವುದಿಲ್ಲ ಅಂದೆ.
ಸುಳ್ಳು. ಮೇ ತಿಂಗಳು,
ನಮ್ಮ ಮಾತಿಗೇ ಅದು ಗೋಡೆಯಲ್ಲಿ ಅದುರುತ್ತಿತ್ತು.

ಅವನು ಹೋದ ಮೇಲೆ ಇಳಿಸಿ ಒರೆಸಿದೆ.
ಸವೆದ ಗುರುತು ನಡುವೆ ಇಲ್ಲ,
ಎಡಕ್ಕಿದೆ, ಅಂಚಿನ ಹತ್ತಿರ, ನಾಲ್ಕು ಬೆರಳಗಲ.

ಅಜ್ಜಿ ಸಣ್ಣವಳಿದ್ದಾಗ ಶನಿವಾರ ರಾತ್ರಿ
ಜೋಳದ ದಂಟಿನ ಉರಿಗೆ
ಚರ್ಮ ಕಾಯುವ ವಾಸನೆ ಬರುತ್ತಿತ್ತಂತೆ.
ಕೋಲಿಲ್ಲದೆ, ಬರಿ ಎಡಗೈಯಲ್ಲಿ,
ಕಟ್ಟಿದ ಆಡೂ ಕಿವಿ ಎತ್ತದಷ್ಟು ಮೆಲ್ಲಗೆ.
ಆ ಹೊತ್ತಿಗೆ ಕೇರಿಗೆ ಯಾರು ಬರುತ್ತಿದ್ದರೋ,
ಬಂದವರ ಮುಂದೆ
ಯಾರೂ ಬೀಳಬೇಕಾಗಿರಲಿಲ್ಲ.