ತಟ್ಟಿ ನೋಡುವುದು

ಮಧುಗಿರಿ ಆಸ್ಪತ್ರೆಯಲ್ಲಿ ಗುರುವಾರ ಮಾತ್ರ ಎಕೋ.
ಮಿಕ್ಕ ದಿನ ಯಂತ್ರ ಹಸಿರು ಬಟ್ಟೆ ಹೊದ್ದು ಮಲಗಿರುತ್ತದೆ,
ನಾನು ಚೀಟಿ ಬರೆಯುತ್ತೇನೆ.

ಟೋಕನ್ ಹನ್ನೊಂದು, ಕುಂಬಾರ ಗವಿರಂಗಯ್ಯ,
ಎಪ್ಪತ್ತೋ ಎಂಬತ್ತೋ, ದೊಡ್ಡೇರಿ ಕಡೆಯವನು.
ಅಂಗಿ ಬಿಚ್ಚಿ ಎಡಮಗ್ಗುಲಾಗಿ ತಾತ ಅಂದರೆ
ಗೆಣ್ಣಿನಿಂದ ತನ್ನೆದೆಯನ್ನೇ ಎರಡು ಸಲ ತಟ್ಟಿ
ಕಿವಿಗೊಟ್ಟು ಕೇಳಿದ.
"ಗುಂಡಿಗೆ ಸೋರ್ತಾ ಐತಂತೆ ಕಣವ್ವ.
ನಂಗೊತ್ತಿತ್ತು. ಸದ್ದು ಸರಿಗಿಲ್ಲ.
ಬಿರುಕು ಬಿಟ್ಟ ಮಡಕೆ ಟಣ್ ಅನ್ನಲ್ಲ, ಡಬ್ ಅಂತದೆ."

ಗುಂಡಿಗೆ.
ತುಮಕೂರಲ್ಲಿ ಕನ್ನಡ ಎಂ.ಎ.ಗೆ ಸೇರಿ
ಹಳಗನ್ನಡದ ಪತ್ರಿಕೆಯಲ್ಲಿ ಎರಡು ಸಲ ಬಿದ್ದು
ಎದ್ದು ಬಂದದ್ದು ನಾನು ಈ ತಣ್ಣನೆ ಜೆಲ್ಲಿನ ಕೋಣೆಗೆ.
ಆಗ ಉರುಹೊಡೆದದ್ದು ಈಗ, ಬೇಡದ ಹೊತ್ತಲ್ಲಿ, ಬರುತ್ತದೆ:
ಗುಂಡಿಗೆಯೆಂದರೆ ಪಾತ್ರೆಯೂ ಹೌದು,
ದುಂಡನೆಯದು, ನೀರು ತುಂಬುವುದು.
ಎದೆಯೊಳಗೆ ಅದು ಯಾವಾಗ ಇಳಿಯಿತೋ
ಯಾರು ಇಳಿಸಿ ಹಗ್ಗ ಬಿಟ್ಟುಬಿಟ್ಟರೋ
ನಿಘಂಟು ಹೇಳುವುದಿಲ್ಲ.
ಬುರುಡೆಯೂ ಹಾಗೇ, ಸೋರೆಯದು, ತಲೆಯದು.
ದೊಣೆಯೆಂದರೆ ಬಾಣ ತುಂಬುವ ಚೀಲ;
ನಮ್ಮ ಬೆಟ್ಟದ ಮೇಲೆ ಅದೇ ಹೆಸರಿನ ಬಂಡೆಗುಳಿಯಲ್ಲಿ
ಹೋದ ವರ್ಷದ ನೀರು, ಎರಡು ಕಪ್ಪೆ.

ಪರದೆಯ ಮೇಲೆ ಅವನ ನಾಲ್ಕು ಕೋಣೆ ತೆರೆದವು.
"ಏನವ್ವ ಅದು, ರಾತ್ರಿ ಹೊತ್ತು ಕೆರೆ ಕಂಡಂಗೈತೆ?"
ಇದು ಸದ್ದು ತಾತ, ಕಣ್ಣಿಗೆ ಕಾಣೋ ಹಾಗೆ ಮಾಡಿರೋದು.
ಹಡಗಿನವರು ಕಡಲೊಳಕ್ಕೆ ಸದ್ದು ಬಿಟ್ಟು
ತಿರುಗಿ ಬರೋ ಹೊತ್ತು ಎಣಿಸಿ ಆಳ ತಿಳೀತಾರಲ್ಲ, ಹಂಗೆ.
ತಾತ ಗೋಡೆಯ ಕಡೆ ಮುಖ ಮಾಡಿಕೊಂಡೇ
ಸ್ವಲ್ಪ ಹೊತ್ತು ಯೋಚಿಸಿದ.
"ಅಡಗಿನವ್ರೂ ತಟ್ಟೇ ನೋಡ್ತಾರೆ ಅನ್ನು."

ಅಡಗು.
ಹಿಡಿದ ಕೈ ಅಲ್ಲೇ ನಿಂತಿತು.
ಪರೀಕ್ಷೆಯಲ್ಲಿ ಕೇಳಿದ್ದರು, ಐದು ಅಂಕಕ್ಕೆ:
ಪಕಾರ ಹಕಾರವಾದ ಐದು ಪದ ಬರೆಯಿರಿ.
ಪಾಲ್ ಹಾಲು, ಪಾವ್ ಹಾವು, ಪಲ್ ಹಲ್ಲು, ಪೂ ಹೂವು.
ಐದನೆಯದು ಹೊಳೆಯದೆ ಗಂಟೆ ಹೊಡೆಯಿತು.
ಪಡಗು, ಹಡಗು. ಹಾಸ್ಟೆಲಿನ ಬಸ್ಸಲ್ಲಿ ನೆನಪಾಯಿತು.
ಈ ತಾಲೂಕಲ್ಲಿ ನೀರ ಮೇಲೆ ತೇಲುವುದೆಂದರೆ
ಕೆರೆ ಕೋಡಿ ಬಿದ್ದ ವರ್ಷ ಮೀನಿನವರು ತರುವ
ಥರ್ಮೊಕೋಲು ತೆಪ್ಪ, ಅಷ್ಟೇ; ಹಡಗು ಯಾರಿಗೆ ನೆನಪಾಗಬೇಕು.
ಹಕಾರವೂ ಮುಳುಗಿದ ಮೇಲೆ ಏನುಳಿಯುತ್ತದೆಂದು
ಪತ್ರಿಕೆಯಲ್ಲಿ ಕೇಳಿರಲಿಲ್ಲ.
ಉಳಿಯುವುದು ಅಡಗು. ಹಳೆಯ ಮಾತಲ್ಲಿ ಮಾಂಸ.
ಇಲ್ಲಿ, ನನ್ನ ಮುಂದೆ, ಮುಷ್ಟಿಯಷ್ಟು,
ಹಾಯಿಯಂಥ ತೆಳುಪೊರೆಗಳನ್ನು ಬಡಿಯುತ್ತ,
ಒಂದನ್ನು ಪೂರಾ ಮುಚ್ಚಲಾರದೆ
ಪ್ರತಿ ಸಲ ಒಂದು ಗುಟುಕು ಹಿಂದಕ್ಕೆ ಬಿಡುತ್ತ.

ಕೆಂಪು. ನೀಲಿ. ಅಳತೆ ಬರೆದುಕೊಂಡೆ.

"ಮೆತ್ತೋಕಾಗಲ್ವ?"
ಡಾಕ್ಟರು ಹೇಳ್ತಾರೆ ತಾತ, ದೊಡ್ಡಾಸ್ಪತ್ರೆಗೆ ಬರೀಬೋದು.
"ಹಸೀದಾದ್ರೆ ಮೆತ್ತಬೋದು. ಇದು ಸುಟ್ಟು ಎಷ್ಟು ವರ್ಸ ಆತು!
ಸೋರೋ ಗಡಿಗೇನ ನಾವು ಎಸೆಯಲ್ಲ ಕಣವ್ವ,
ಅವರೆಕಾಳು ತುಂಬಿಡ್ತೀವಿ. ನೀರಿಗಾಗಲ್ಲ, ಅಷ್ಟೇಯ."

ಎದೆಯ ಜೆಲ್ಲು ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ.
ಒರೆಸುವ ಮೊದಲು ಒಂದು ಚೂರು
ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ
ಮೂಗಿಗೆ ಹಿಡಿದು
ತಲೆಯಾಡಿಸಿದ: "ಅಂಟಿಲ್ಲ. ಇದ್ರಾಗೆ ಏನೂ ನಿಲ್ಲಕಿಲ್ಲ."

ಹನ್ನೆರಡು ಎಂದು ಕೂಗಿದೆ.
ಅವನ ಚೀಟಿಯ ಹಿಂದೆ, ಐದು ಅಂಕಕ್ಕೆ,
ಪೆನ್ಸಿಲಿನಲ್ಲಿ ಬರೆದಿಟ್ಟೆ.