ಸುತ್ತಿಗೆಗೆ ಕೇಳದ್ದು

ತಾಸ್‌ಬುಲಾಕ್‌ನಲ್ಲಿ ರೈಲು ನಿಲ್ಲುವುದು ಇಪ್ಪತ್ತೆರಡು ನಿಮಿಷ.
ಅಷ್ಟರಲ್ಲಿ ಕುಲ್ಯಾಶ್ ಅಕ್ಕ
ಒಂದು ಬದಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರಬೇಕು.
ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ,
ಗಾಲಿಗೊಂದು ಪೆಟ್ಟು.

ಹದಿನೆಂಟು ಬೋಗಿ, ಬೋಗಿಗೆ ಎಂಟು ಗಾಲಿ,
ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಉಸಿರು ಶಾಲಿಗೆ ಹತ್ತಿ ಅಲ್ಲೇ ಹರಳುಗಟ್ಟುತ್ತದೆ.
ಉಕ್ಕಿಗೂ ಚಳಿಯಾಗುತ್ತದೆ ಕಣೋ, ಅನ್ನುತ್ತಾಳೆ,
ಚಳಿಗೆ ಅದು ಗಾಜಿನ ಜಾತಿಗೆ ಸೇರಿಕೊಳ್ಳುತ್ತದೆ.

ಠಣ್. ಇದು ಗಟ್ಟಿ.
ಠಣ್. ಇದೂ.
ಟಪ್ ಅಂದರೆ ನಿಲ್ಲು,
ಬಜಾರಿನಲ್ಲಿ ಚಹಾ ಬಟ್ಟಲನ್ನು ಉಗುರಿಂದ ಮೀಟಿ
ಬೇಡ ಎಂದು ಕೆಳಗಿಡುತ್ತಾರಲ್ಲ, ಹಾಗೆ.
ಅಚ್ಚಿನ ಪೆಟ್ಟಿಗೆಗೆ ಅಂಗೈ ಅಲ್ಲ, ಮುಂಗೈ ತಾಗಿಸುತ್ತಾಳೆ,
ಆರಿದೆಯೋ ಇಲ್ಲವೋ ತಿಳಿಯದ ಇಸ್ತ್ರಿಯನ್ನು ಮುಟ್ಟುವಂತೆ.
ಆಮೇಲೆ ಸೀಮೆಸುಣ್ಣದ ಒಂದು ಗೀಟು.

ನಾನು ಬಂದದ್ದು ಹಳದಿ ಪೆಟ್ಟಿಗೆ ಹೆಗಲಿಗೇರಿಸಿಕೊಂಡು.
ಇದೂ ನಿನ್ನ ಹಾಗೆಯೇ ಅಕ್ಕಾ, ಅಂದೆ,
ಸದ್ದು ಕಳಿಸುತ್ತದೆ, ಸದ್ದಿಗೆ ಕಾಯುತ್ತದೆ.
ನಾಯಿಗೂ ಕೇಳದ ಸದ್ದು, ಅಷ್ಟೆ.
ನಾಯಿಗೂ ಕೇಳದ್ದು ನಿನಗೆ ಹೇಗೆ ಕೇಳೀತು?
ಕೇಳುವುದಿಲ್ಲ. ಕಾಣುತ್ತದೆ.
ಅವಳು ನಕ್ಕು ಥರ್ಮಾಸಿನ ಮುಚ್ಚಳ ತಿರುಗಿಸಿದಳು.

ಗುರುವಾರ ಶೆಡ್ಡಿನಲ್ಲಿ
ಗೋಧಿ ವ್ಯಾಗನ್ನಿನ ಗಾಲಿಜೋಡಿ ಬಿಚ್ಚಿ ಮಲಗಿಸಿದ್ದರು,
ಮಂಗಳವಾರದ ಅವಳ ಗೀಟು ಇನ್ನೂ ಅಳಿಸದೆ.
ಅಚ್ಚಿನ ತುದಿಗೆ ಎಣ್ಣೆ ಸವರಿ ಬಿಲ್ಲೆ ಒತ್ತಿದೆ.
ಪರದೆಯ ಮೇಲೆ ಆ ತುದಿಯ ಪ್ರತಿಧ್ವನಿ, ಬರಬೇಕಾದಲ್ಲಿ ಬಂತು.
ಅದಕ್ಕೂ ಮೊದಲು,
ಏನೂ ಇರಬಾರದ ಕಡೆ,
ಇನ್ನೊಂದು ಪುಟ್ಟ ಗುಡ್ಡ.

ಗಾಲಿಯೊಳಗೆ ಅಚ್ಚು ಬಿಗಿದು ಕೂತಲ್ಲಿ
ಐದು ಮಿಲಿಮೀಟರ್ ಆಳದ ಬಿರುಕು.

ಅಕ್ಕ ಸುತ್ತಿಗೆ ತಂದು ಬಾರಿಸಿದಳು. ಠಣ್.
ಕಿವಿಯ ಟೋಪಿ ತೆಗೆದು ಮತ್ತೆ. ಠಣ್.
ಎಂಥ ಚಂದದ ನಾದ.
ಸುತ್ತಿಗೆ ಸುಳ್ಳು ಹೇಳಲಿಲ್ಲ, ಅದನ್ನು ಕೇಳಿದ್ದು ಗಾಲಿಯ ವಿಚಾರ.

ಬಕೆಟ್ಟು ಮಗುಚಿ ಕೂತಳು.
ಇಪ್ಪತ್ತಾರು ವರ್ಷ, ದಿನಕ್ಕೆ ಎಂಟು ಗಾಡಿ
ಎಂದು ಶುರುಮಾಡಿ, ಬೆರಳು ಮಡಚಿ, ಬಿಟ್ಟಳು.
ಹಾಗಾದರೆ ಠಣ್ ಅಂದು ಹೋದವೆಲ್ಲ?

ನಾನು ಓದಿದ್ದನ್ನು ಹೇಳಿದೆ:
ಬಿರುಕು ಬೆಳೆಯುವುದು ನಿಧಾನ,
ಕಾರ್ಖಾನೆಯ ತಪಾಸಣೆಗೆ ಸಿಕ್ಕೇ ಸಿಗುತ್ತದೆ,
ಸಾವಿರಕ್ಕೆ ಇಷ್ಟು, ಲಕ್ಷಕ್ಕೆ ಇಷ್ಟು.
ಲೆಕ್ಕ ಸರಿಯಿದೆ, ಅಂದಳು.
ನಿದ್ದೆ ಲೆಕ್ಕ ಕಲಿತಿಲ್ಲವಲ್ಲ.

ಆ ರಾತ್ರಿ ಮೂರೂ ನಲವತ್ತರ ಗಾಡಿಗೆ
ಗಾಲಿಗೆ ಎರಡೆರಡು ಪೆಟ್ಟು.
ಏನೂ ಸಿಗಲಿಲ್ಲ, ಆರು ನಿಮಿಷ ತಡವಾಯಿತು.
ಒಂಬತ್ತನೇ ಬೋಗಿಯ ಪರದೆ ಸರಿಸಿ ಯಾರೋ ಬೈದರು,
ಬೈಯುತ್ತಲೇ ಚಹಾಕ್ಕೆ ಸಕ್ಕರೆ ಕದಡಿದರು.
ಗಾಜಿನ ಲೋಟಕ್ಕೆ ಚಮಚ ತಾಗಿತು.
ಅಕ್ಕ ತಟ್ಟನೆ ನಿಂತು
ಅತ್ತ ಕಿವಿಗೊಟ್ಟಳು.