ಓನರ್ ಹೆಸರು

ಕಲ್ಲಿನ ಅಂಗಡಿಗೆ ಹೋಗಿಬರ್ತೀನಿ ಅಂದೆ.
ಮೊಮ್ಮಗಳಿಗೆ ಕೇಳಿಸಿದ್ದು ಕಲ್ಲಂಗಡಿ.
ಆಯ್ತು, ಅದನ್ನೂ ತರ್ತೀನಿ ಅಂತ
ಬಿ.ಎಂ. ರಸ್ತೆ ಹಿಡಿದೆ,
ಸೆರಗಿನ ಗಂಟಲ್ಲಿ ಒಂದು ಚಿಟಿಕೆ ಅರಿಶಿನ,
ಚೀಲದಲ್ಲಿ ಅರ್ಧ ನಿಂಬೆಹಣ್ಣು.

ಹುಡುಗ ಭರತೇಶ, ಅಂಗಿ ಮೇಲೆ ಹೆಸರಿನ ಬಿಲ್ಲೆ,
ಮೊದಲು ತೋರಿಸಿದ್ದು ಬಿಳಿಯದು.
ಹಾಲು ಹೆಪ್ಪುಗಟ್ಟಿದ ಹಾಗೆ, ಒಳಗೆ ಬೂದುಬಣ್ಣದ ನರ.
"ಮೇಂಟೆನೆನ್ಸೇ ಇಲ್ಲ ಅಮ್ಮ, ಸುಮ್ಮನೆ ಒರೆಸಿದರೆ ಸಾಕು."

ಒರೆಸಿದರೆ ಸಾಕು.
ಇಪ್ಪತ್ತಾರು ವರ್ಷ, ಹದಿನಾಲ್ಕು ಅಡುಗೆಮನೆ.
ಹಾಸನದಲ್ಲಿ ಯಾರ ಮನೆಯ ಸಿಂಕು ಎಲ್ಲಿ ಸೋರುತ್ತೆ ಅಂತ
ಪ್ಲಂಬರಿಗಿಂತ ಮೊದಲು ನನಗೆ ಗೊತ್ತು.
ಸಾಲಗಾಮೆ ರಸ್ತೆಯ ಡಾಕ್ಟರಮ್ಮನ ಮನೇಲಿ ಇದೇ ಬಿಳಿ.
ಗೃಹಪ್ರವೇಶದ ಮಾರನೇ ದಿನ ಪುಳಿಯೋಗರೆ ಗೊಜ್ಜು ಚೆಲ್ಲಿತು.
ಇವತ್ತಿಗೂ ಅಲ್ಲಿದೆ, ಕಿವಿಯ ಆಕಾರದಲ್ಲಿ.
ಸೋಡಾಪುಡಿ, ಸೀಗೆ, ನನ್ನ ಬೆರಳಿನ ಗೆರೆ,
ಎಲ್ಲಾ ಸವೆದವು, ಅದೊಂದು ಬಿಟ್ಟು.
ರೇಷನ್ ಅಂಗಡಿಯ ಮಿಷನ್ನಿಗೆ ಹೆಬ್ಬೆಟ್ಟಿಟ್ಟರೆ
ನಾನು ನಾನಲ್ಲ ಅನ್ನುತ್ತೆ ಈಗ.

ವಿದ್ಯಾನಗರದ ಎಂಜಿನಿಯರ್ ಮನೆಯದು ಕನ್ನಡಿಯಂಥ ಕಪ್ಪು.
ಬೋರ್‌ವೆಲ್ ನೀರಿನ ಹನಿ ಆರಿದರೆ ಸುಣ್ಣದ ಚುಕ್ಕಿ,
ಚುಕ್ಕಿ ಒರೆಸಿದರೆ ಬಟ್ಟೆಯ ಗೀರು,
ಗೀರು ಒರೆಸೋಕೆ ಇನ್ನೊಂದು ಬಟ್ಟೆ.
ಇನ್ನೊಬ್ಬರದು ಕೆತ್ತನೆಯ ತೇಗದ ಬಾಗಿಲು,
ಹಳೇಬೀಡು ನೋಡಿಬಂದ ಹುಮ್ಮಸ್ಸಲ್ಲಿ ಮಾಡಿಸಿದ್ದು;
ಬಳ್ಳಿಯ ಸುಳಿಸುಳಿಯಲ್ಲೂ ಬೋಂಡದ ಎಣ್ಣೆ.
ಹಲ್ಲುಜ್ಜೋ ಬ್ರಷ್ ಹಿಡಿದು ಕೂತಾಗ ಅಂದುಕೊಂತಿದ್ದೆ,
ಆ ದೇವರುಗಳ ಮುಂದೆ ಯಾರೂ ಒಗ್ಗರಣೆ ಹಾಕಲ್ಲ, ಪುಣ್ಯವಂತರು.

ಬಂದ ನೆಂಟರು ಹೇಳೋರು: ಎಷ್ಟು ಚೆಂದ ಇಟ್ಟಿದ್ದೀರ,
ನೋಡಿಕೊಳ್ಳೋದು ಸುಲಭ ಅಲ್ವಾ?
ಸುಲಭವೇ.
ಬೆಳಿಗ್ಗೆ ಆರೂಕಾಲಿಗೆ ಹಿಂದಿನ ಬಾಗಿಲಿಂದ ಬರ್ತಿತ್ತು ಆ ಸುಲಭ,
ಚಪ್ಪಲಿ ಹೊರಗೆ ಬಿಟ್ಟು.

ಭರತೇಶನಿಗೆ ಹೇಳಿದೆ:
ಅರಿಶಿನ ತಿಕ್ಕು, ನಿಂಬೆ ಹಿಂಡು, ಟೀ ಕುಡಿದು ಬರೋಣ.
ಅವನು ನಕ್ಕ. ಕುಡಿದು ಬಂದೆವು.
ಬಿಳಿ ಕಲ್ಲಿಗೆ ಕಾಮಾಲೆ ಹಿಡಿದಿತ್ತು.
ಮೂಲೆಯಲ್ಲಿ ಒಂದು, ಯಾರೂ ಕೇಳದ್ದು,
ಹುರುಳಿಯನ್ನೂ ರಾಗಿಯನ್ನೂ ಕಲಸಿ ಚೆಲ್ಲಿದಂಥ ಗ್ರಾನೈಟು;
ಸೆರಗಲ್ಲಿ ಒಂದು ಸಲ ಎಳೆದೆ, ಹೋಯಿತು.
ನಾಲ್ಕು ಸಾಸಿವೆ ಬಿದ್ದರೂ
ಹೊಟ್ಟೆಗೆ ಹಾಕಿಕೊಳ್ಳೋ ಕಲ್ಲು.

ಗೋಡೆಗೆ ದೊಡ್ಡ ಟೈಲ್ಸು, ಸಂದು ಕಡಿಮೆ.
ಸಂದು ಅಂದರೆ ಜಿಡ್ಡಿನ ತವರುಮನೆ.
ನೆಲಕ್ಕೆ ತರಿತರಿ, ಒದ್ದೆ ಕಾಲು ಜಾರಬಾರದು.
ಸಿಂಕುಗಳನ್ನು ಒಂದೊಂದಾಗಿ ತಟ್ಟಿದೆ, ಕಲ್ಲಂಗಡಿ ತಟ್ಟಿದ ಹಾಗೆ;
ಡಬ್ಬದ ಥರ ಕಿರುಚಿದ್ದನ್ನು ಬಿಟ್ಟೆ,
'ದಮ್' ಅಂತ ಒಳಗೇ ಮಾತಾಡಿದ್ದನ್ನು ಎತ್ತಿಡಿಸಿದೆ.
ಕಪಾಟಿಗೆ ಬಾಗಿಲು ಬೇಡ, ಕಡಪ ಕಲ್ಲಿನ ಹಲಗೆ ಸಾಕು.
ನನ್ನ ಡಬ್ಬಗಳಿಗೆ ನಾಚಿಕೆ ಇಲ್ಲ.

ಬಿಲ್ ಬರೆಯುವಾಗ ಕೇಳಿದ: "ಓನರ್ ಹೆಸರು ಹೇಳಮ್ಮ."
ತಪ್ಪೇನಿಲ್ಲ ಅವನದು. ಕೈ ನೋಡಿರಬೇಕು.
ಚೆಲುವಾಜಮ್ಮ, ಅಂದೆ. ಪೆನ್ಷನ್ ಮೊಹಲ್ಲಾ. ಏಳಡಿಗೆ ಒಂಬತ್ತಡಿ.
ಪೆನ್ನು ಒಂದು ಗಳಿಗೆ ನಿಂತು, ಮುಂದಕ್ಕೆ ಹೋಯಿತು.

ಹೊರಡುವಾಗ ಆ ಕಾಮಾಲೆಯ ತುಂಡು
ಇನ್ನು ಯಾರಿಗೂ ತೋರಿಸೋಕಾಗಲ್ಲವಲ್ಲ, ಕೊಡು ಅಂದೆ.
ಪೇಪರಲ್ಲಿ ಸುತ್ತಿ ಕೊಟ್ಟ. ಅಂಗೈ ಅಗಲ.
ಕಿಟಕಿ ಹತ್ತಿರ ಇಟ್ಟಿದ್ದೀನಿ, ಉಪ್ಪಿನ ಜಾಡಿಯ ಪಕ್ಕ.
ಅರಿಶಿನ ಹಾಗೇ ಇದೆ. ಬೀಟ್ರೂಟಿನದು ಒಂದು ಗುರುತು ಸೇರಿದೆ.
ನಿನ್ನೆ ಮೊಮ್ಮಗಳು ಹಣ್ಣಿನ ರಸವನ್ನೂ ಅದರ ಮೇಲೇ ಇಳಿಸಿದಳು,
ನನ್ನ ಮುಖ ನೋಡಿ, ಬಟ್ಟೆ ಹುಡುಕುತ್ತಾ ಎದ್ದಳು.

ಕೂತ್ಕೋ, ಅಂದೆ.